ಹೆಸರಿಲ್ಲದ ಗಿಟಾರುಗಳು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಮಿತಿಯ ಮಿತ್ರರು ಪತ್ರ ಬರೆದಾಗ, ಗುರುಹಿರಿಯರ ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ಬಹಳ ಮಂದಿ ಇದ್ದಾರೆ, ನಾನು ನನಗೆ ತಿಳಿದ ಕಸುಬಿನ ಕುರಿತು ಬರೆಯುತ್ತೇನೆ ಎಂದು ಉತ್ತರಿಸಿದೆ. ಮುಳ್ಳೇರಿಯದಲ್ಲಿ ಅಕ್ಷರ ಕಲಿತು, ಮಂಗಳೂರಿನಲ್ಲಿ ರೇಡಿಯೋ ರಿಪೇರಿ ಕಲಿತು, ಬೆಂಗಳೂರಿಗೆ ಬಂದು ನೆಲೆಸಿದ ನನ್ನ ಬಳಿಗೆ ಮೊದಮೊದಲು ಬರುತ್ತಿದ್ದುದು ಆಂಪ್ಲಿಫಯರುಗಳು. ಅವುಗಳ ಹಿಂದೆಯೇ ಎಲೆಕ್ಟ್ರಿಕ್ ಗಿಟಾರುಗಳೂ ಬರತೊಡಗಿದವು. ಈಗ ಮೇಜಿನ ಮೇಲೆ ಅವೇ ಹೆಚ್ಚು.

ಇಷ್ಟು ವರ್ಷಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಅತ್ಯುತ್ತಮವಾಗಿ ತಯಾರಾದ ಕೆಲವು ಗಿಟಾರುಗಳನ್ನು ಹೆಸರುವಾಸಿ ಕಲಾವಿದರಲ್ಲಿ ಒಬ್ಬರೂ ಏಕೆ ಕೈಗೆತ್ತಿಕೊಳ್ಳುವುದಿಲ್ಲ? ಮರ ಒಳ್ಳೆಯದು, ಕುತ್ತಿಗೆ ನೇರವಾಗಿದೆ, ಶ್ರುತಿ ಕದಲುವುದಿಲ್ಲ. ಆದರೂ ವೇದಿಕೆಯ ಮೇಲೆ ಅದೇ ಎರಡು ಮೂರು ಹೆಸರುಗಳು.

ಎಲೆಕ್ಟ್ರಿಕ್ ಗಿಟಾರಿನಲ್ಲಿ ರಹಸ್ಯವೇನೂ ಇಲ್ಲ. ಅಯಸ್ಕಾಂತದ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ, ಆಂಪ್ಲಿಫಯರು ಅದನ್ನು ದೊಡ್ಡದು ಮಾಡುತ್ತದೆ. ಶ್ರದ್ಧೆಯುಳ್ಳ ಯಾವ ಕಾರ್ಖಾನೆಯಾದರೂ ಇದನ್ನು ಚೆನ್ನಾಗಿ ಮಾಡಬಲ್ಲದು. ಜಪಾನಿನವರು 1970ರ ದಶಕದಲ್ಲಿಯೇ ಮಾಡಿ ತೋರಿಸಿದರು. ಅಂದ ಮೇಲೆ ಉತ್ತರವನ್ನು ವಾದ್ಯದ ಹೊರಗೆ ಹುಡುಕಬೇಕು.

ಲಿಯೋ ಫೆಂಡರ್ ಅವರ ಕಥೆಯನ್ನೇ ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು ಅವರು. (ಈ ಒಂದು ಕಾರಣಕ್ಕೇ ನನಗೆ ಅವರ ಮೇಲೆ ವಿಶೇಷ ಅಭಿಮಾನ.) ಗಿಟಾರು ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಆದರೂ 1954ರಲ್ಲಿ ಅವರು ಹೊರತಂದ ಸ್ಟ್ರಾಟೋಕಾಸ್ಟರ್ ಇಂದಿಗೂ ಲೋಕಪ್ರಸಿದ್ಧ. 1965ರಲ್ಲಿ ಅವರು ತಮ್ಮ ಕಂಪೆನಿಯನ್ನು ಹೆಸರು ಸಮೇತ ಸಿಬಿಎಸ್ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದರು. ಕೆಲವು ವರ್ಷಗಳ ಬಳಿಕ ಮತ್ತೆ ಕೆಲಸಕ್ಕೆ ಕುಳಿತು, 1980ರ ಸುಮಾರಿಗೆ ಹಳೆಯ ಸಂಗಾತಿ ಜಾರ್ಜ್ ಫುಲ್ಲರ್ಟನ್ ಜೊತೆಗೂಡಿ ಜಿ ಅಂಡ್ ಎಲ್ ಎಂಬ ಹೊಸ ಹೆಸರಿನಲ್ಲಿ ಗಿಟಾರುಗಳನ್ನು ತಯಾರಿಸಿದರು. ಮೊದಲಿನವುಗಳಲ್ಲಿ ಕಂಡಿದ್ದ ಕೊರತೆಗಳನ್ನೆಲ್ಲ ಇವುಗಳಲ್ಲಿ ತಿದ್ದಿದ್ದರು. ತಂತಿ ಹಿಡಿಯುವ ಸೇತುವೆಯನ್ನು ಬದಲಿಸಿದರು, ಅಯಸ್ಕಾಂತದ ಜೋಡಣೆಯನ್ನು ಹೊಸದಾಗಿ ಮಾಡಿದರು. ತಾವು ಈವರೆಗೆ ಮಾಡಿದವುಗಳಲ್ಲಿ ಇವೇ ಉತ್ತಮವೆಂದು ಜಾಹೀರಾತಿನಲ್ಲಿ ಹೇಳಿಕೊಂಡರು. ಕೊನೆಯ ದಿನಗಳವರೆಗೂ ದುಡಿದು 1991ರಲ್ಲಿ ತೀರಿಕೊಂಡರು. ಅಲ್ಲೊಬ್ಬರು ಇಲ್ಲೊಬ್ಬರು ಹೆಸರಾಂತ ಕಲಾವಿದರು ಈ ಹೊಸ ಗಿಟಾರನ್ನು ಒಪ್ಪಿಕೊಂಡದ್ದು ನಿಜ. ಉಳಿದವರೆಲ್ಲ ಹಳೆಯ ಹೆಸರಿಗೇ ಅಂಟಿಕೊಂಡರು. ಲಿಯೋ ಅವರು ತಮ್ಮ ಹೆಸರಿನೊಡನೆಯೇ ಸ್ಪರ್ಧಿಸಬೇಕಾಯಿತು, ಸೋತರು ಕೂಡಾ.

ಏಕೆ ಹೀಗೆ? ಜಿಮಿ ಹೆಂಡ್ರಿಕ್ಸ್ ನುಡಿಸಿದ್ದು ಸ್ಟ್ರಾಟೋಕಾಸ್ಟರ್. ಅವನ ಧ್ವನಿಮುದ್ರಿಕೆಗಳನ್ನು ಕೇಳಿ ಬೆಳೆದ ಕಿವಿಗೆ ‘ಒಳ್ಳೆಯ ನಾದ’ ಎಂದರೆ ಅದೇ ನಾದ. ಮುಂದೆ ಬರುವ ವಾದ್ಯ ಅದಕ್ಕಿಂತ ಉತ್ತಮವಾಗಿದ್ದರೆ ‘ಬೇರೆ’ ಎನಿಸಿಕೊಳ್ಳುತ್ತದೆ, ಅದರಂತೆಯೇ ಇದ್ದರೆ ‘ನಕಲು’ ಎನಿಸಿಕೊಳ್ಳುತ್ತದೆ. ಕಿವಿಯನ್ನು ತಿದ್ದುವುದು ಗಿಟಾರನ್ನು ತಿದ್ದಿದಷ್ಟು ಸುಲಭವಲ್ಲ. ಇದಲ್ಲದೆ, ಊರೂರು ತಿರುಗುವ ಕಲಾವಿದನಿಗೆ ಮುರಿದರೆ ಬದಲಿ ಸಿಗಬೇಕು, ಬಿಡಿಭಾಗ ಸಿಗಬೇಕು, ನಾಳೆ ಮಾರಿದರೆ ಬೆಲೆ ಬರಬೇಕು. ಕಂಪೆನಿಗಳೊಡನೆ ಕರಾರುಗಳು ಬೇರೆ ಇರುತ್ತವೆ. ಕಲಾವಿದನ ಹೆಸರಿನಲ್ಲಿಯೇ ಗಿಟಾರು ಮಾರಾಟವಾಗುವಾಗ ಅವನು ಮತ್ತೊಂದನ್ನು ಮುಟ್ಟುವುದಾದರೂ ಹೇಗೆ?

ಕೆಲವೊಮ್ಮೆ ಇದು ತಿರುಗುಮುರುಗಾಗುವುದೂ ಉಂಟು. ಗಿಬ್ಸನ್ ಕಂಪೆನಿಯ ಲೆಸ್ ಪಾಲ್ ಗಿಟಾರು 1952ರಲ್ಲಿ ಬಂತು. ಮಾರಾಟ ಕುಸಿದುದರಿಂದ 1960ರ ದಶಕದ ಆರಂಭದಲ್ಲಿ ಅದರ ರೂಪವನ್ನೇ ಕೈಬಿಟ್ಟರು. ಅಂಗಡಿಯವರಿಗೂ ಬೇಡವಾಗಿದ್ದ ಆ ಹಳೆಯ ಗಿಟಾರೊಂದನ್ನು ಎರಿಕ್ ಕ್ಲ್ಯಾಪ್ಟನ್ ಎಂಬ ಆಂಗ್ಲ ತರುಣ 1966ರ ಧ್ವನಿಮುದ್ರಿಕೆಯೊಂದರಲ್ಲಿ ನುಡಿಸಿದ. ಜನ ಹುಚ್ಚಾದರು. 1968ರಲ್ಲಿ ಕಂಪೆನಿ ಅದನ್ನು ಮತ್ತೆ ತಯಾರಿಸತೊಡಗಿತು. ಮೂಲೆಗೆ ಬಿದ್ದಿದ್ದ ಆ ಕಾಲದ ಗಿಟಾರುಗಳಿಗೆ ಇಂದು ಲಕ್ಷಗಟ್ಟಲೆ ಡಾಲರು ಬೆಲೆ. ಆ ಹಳೆಯ ಗಿಟಾರುಗಳ ಮರವೂ ತಂತಿಯೂ ಮೊದಲಿನವೇ, ನುಡಿಸುವ ಕೈ ಮಾತ್ರ ಹೊಸತು. ನಮ್ಮ ಕದ್ರಿ ಗೋಪಾಲನಾಥರು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗುವ ಮೊದಲು ಅದರಲ್ಲಿ ಕಲ್ಯಾಣಿ ರಾಗವಿದೆಯೆಂದು ಯಾರು ತಾನೇ ನಂಬುತ್ತಿದ್ದರು?

ನಮ್ಮ ಊರಿನ ಯಕ್ಷಗಾನದಲ್ಲಿ ಈ ಸಮಸ್ಯೆಯೇ ಇಲ್ಲ. ಹಲಸಿನ ಮರದ ಚೆಂಡೆಯ ಮೇಲೆ ಯಾವ ಕಂಪೆನಿಯ ಹೆಸರನ್ನೂ ಬರೆದಿರುವುದಿಲ್ಲ. ಯಾರ ಕೈಯ ಮುಚ್ಚಿಗೆ ಚೆನ್ನಾಗಿ ನುಡಿಯುತ್ತದೆಂಬುದು ಹಿಮ್ಮೇಳದವರಿಗೆ ಗೊತ್ತು, ನೇರವಾಗಿ ಅವನ ಮನೆಗೇ ಹೋಗುತ್ತಾರೆ. ಮಾಡುವವನಿಗೂ ನುಡಿಸುವವನಿಗೂ ನಡುವೆ ಅಂಗಡಿಯಿಲ್ಲ.

ಇಷ್ಟೆಲ್ಲ ನಾನು ಯೋಚಿಸುವಂತಾದುದು ನನ್ನ ಅಣ್ಣನಿಂದ. ಅವನೂ ಇದೇ ಶಾಲೆಯ ವಿದ್ಯಾರ್ಥಿ. 1980ರ ದಶಕದಲ್ಲಿ ಜಾತ್ರೆ, ವಾರ್ಷಿಕೋತ್ಸವಗಳಿಗೆ ಹೋಗುವ ರಸಮಂಜರಿ ತಂಡವೊಂದರಲ್ಲಿ ಗಿಟಾರು ನುಡಿಸುತ್ತಿದ್ದ. ಅವನದು ನಮ್ಮ ದೇಶದಲ್ಲೇ ತಯಾರಾದ, ಅಡಿಕೆ ಮಾರಿದ ಹಣದಿಂದ ಕೊಂಡ ಗಿಟಾರು. ರಾತ್ರಿಯಿಡೀ ಕುಳಿತು ಅದರ ಮೆಟ್ಟಿಲುಗಳನ್ನು ಉಜ್ಜಿ, ತಂತಿಯ ಎತ್ತರವನ್ನು ತಗ್ಗಿಸಿ, ಬೆಣ್ಣೆಯಂತೆ ಮಾಡಿಕೊಂಡಿದ್ದ. ಒಂದು ದಿನ ತಂಡದ ಯಜಮಾನರು, “ನಿನ್ನ ಕೈ ಒಳ್ಳೆಯದೇ ಮಾರಾಯ, ಗಿಟಾರಿನ ಸ್ವರವೂ ಒಳ್ಳೆಯದೇ. ಆದರೆ ಎದುರಿನಲ್ಲಿ ಕುಳಿತವರಿಗೆ ಅದರ ಹೆಸರು ಕಾಣಬೇಕಲ್ಲ” ಎಂದರು. ಮುಂದಿನ ಹಂಗಾಮಿನಲ್ಲಿ, ಗಲ್ಫಿನಿಂದ ಗಿಟಾರು ತರಿಸಿಕೊಂಡಿದ್ದ ಬೇರೊಬ್ಬ ಹುಡುಗ ಅವನ ಜಾಗದಲ್ಲಿ ನಿಂತ. ಅಣ್ಣ ಜಗಳ ಮಾಡಲಿಲ್ಲ. ತೋಟದ ಕೆಲಸ ಮುಗಿಸಿ ಸಂಜೆ ಚಾವಡಿಯಲ್ಲಿ ಕುಳಿತು ನುಡಿಸುತ್ತಿದ್ದ. ಊರಿನ ನಾಲ್ಕಾರು ಮಕ್ಕಳಿಗೆ ಕಲಿಸಿದ. ಆ ಮಕ್ಕಳಲ್ಲಿ ಇಬ್ಬರು ಇಂದು ಸಂಗೀತದಿಂದಲೇ ಜೀವನ ನಡೆಸುತ್ತಿದ್ದಾರೆ. ಅಣ್ಣ ಈಗಿಲ್ಲ.

ಯಜಮಾನರನ್ನು ನಾನು ದೂರುವುದಿಲ್ಲ. ಜನ ಕಣ್ಣಿನಿಂದಲೂ ಸಂಗೀತ ಕೇಳುತ್ತಾರೆಂಬುದು ಅವರಿಗೆ ತಿಳಿದಿತ್ತು. ಆದರೆ ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿದ ನಮಗೆ ಆ ಮಾತು ಹೊಸದೇನೂ ಆಗಿರಲಿಲ್ಲ. ಯಾವ ಶಾಲೆ, ಯಾವ ಮಾಧ್ಯಮ ಎಂದು ಕೇಳಿ, ಉತ್ತರ ಕೇಳಿದೊಡನೆ ನಮ್ಮನ್ನು ಅಳೆದು ಬಿಟ್ಟವರನ್ನು ನಾವೆಲ್ಲರೂ ಕಂಡಿದ್ದೇವೆ.

ಅಣ್ಣನ ಗಿಟಾರು ಈಗ ನನ್ನ ಅಂಗಡಿಯ ಗೋಡೆಯಲ್ಲಿದೆ. ರಿಪೇರಿಯಾದ ಆಂಪ್ಲಿಫಯರುಗಳನ್ನು ಅದರಿಂದಲೇ ಪರೀಕ್ಷಿಸುತ್ತೇನೆ. ಕಳೆದ ವರ್ಷ ಕಾಲೇಜು ಹುಡುಗನೊಬ್ಬ ತನ್ನ ಗಿಟಾರನ್ನು ತಂದ. ಯಾರೂ ಕೇಳರಿಯದ ಕಂಪೆನಿಯದು, ಕೆಲಸ ಮಾತ್ರ ಅಚ್ಚುಕಟ್ಟು. ತಲೆಯ ಮೇಲಿನ ಹೆಸರನ್ನು ಉಜ್ಜಿ ತೆಗೆದು, ದೊಡ್ಡ ಹೆಸರಿನ ಸ್ಟಿಕ್ಕರೊಂದನ್ನು ಅಂಟಿಸಿ ಕೊಡಬಹುದೇ ಎಂದು ಕೇಳಿದ. ಗೋಡೆಯಲ್ಲಿದ್ದುದನ್ನು ಇಳಿಸಿ ಅವನ ಕೈಗೆ ಕೊಟ್ಟೆ. ಅರ್ಧ ಗಂಟೆ ನುಡಿಸಿದ. ಆಮೇಲೆ, “ಇದು ಯಾವ ಕಂಪೆನಿಯದು ಅಂಕಲ್?” ಎಂದ. ಹೇಳಿದೆ. ಸ್ಟಿಕ್ಕರನ್ನು ಜೇಬಿಗೆ ಹಾಕಿಕೊಂಡು, ತಂತಿಯ ಎತ್ತರವನ್ನು ಇದರಂತೆಯೇ ತಗ್ಗಿಸಿ ಕೊಡಿ ಎಂದು ಗಿಟಾರನ್ನು ಬಿಟ್ಟು ಹೋದ.