ತುದಿ ಕಡಿದ ಬೇವು

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸೂಗೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ. ಕರೆಂಟಿನ ತಂತಿಯ ಕೆಳಗೆ ಸಿಕ್ಕ ಬೇವು ನೆಟ್ಟಗೆ ಬೆಳೆದಿರುವುದಿಲ್ಲ. ತುದಿಯನ್ನು ಲೈನ್‌ಮನ್ ಕಡಿದರೆ, ಉಳಿದ ಟೊಂಗೆಯನ್ನು ಆಡು ಕಾಯುವವರು ದೋಟಿಗೆ ಕುಡುಗೋಲು ಕಟ್ಟಿ ಎಳೆಯುತ್ತಾರೆ. ದಾರಿಯಲ್ಲಿ ಆಲ ನೆಡಿಸಿದೆನೆಂದು ಅಶೋಕ ಬರೆಸಿದ್ದು ಈಗ ದೆಹಲಿಯಲ್ಲಿರುವ ಕಂಬದ ಮೇಲೆ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಬಂಡೆಯಲ್ಲಿ ಹೆಸರು ಹಾಕಿಸಿದನೇ ಹೊರತು ಮರದ ಮಾತೆತ್ತಲಿಲ್ಲ. ಎತ್ತಿದ್ದರೆ ಕೊಡಲಿಯವರು ಓದುತ್ತಿದ್ದರೇನೋ!

ನಮ್ಮ ಮನೆ ಮುಂದಿನ ಬೇವು ಬೋಳಾದಾಗಲೆಲ್ಲ ಅವ್ವ “ಮುಗೀತು ಇದರ ಕಥಿ” ಅನ್ನೋಳು. ಕೆಲವೇ ವಾರಕ್ಕೆ, ವರ್ಷಗಟ್ಟಲೆ ಸುಮ್ಮನಿದ್ದ ತೊಗಟೆಯೊಳಗಿಂದ ತಾಮ್ರದ ಬಣ್ಣದ ಚಿಗುರು ಗೊಂಚಲುಗಟ್ಟಿ ಹೊರಡುತ್ತಿತ್ತು.

ಇದೆಲ್ಲ ಆಕ್ಸಿನ್ ಎಂಬ ಹಾರ್ಮೋನಿನ ಕಾರುಬಾರು. 1926ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿ ಕತ್ತರಿಸಿ ಅದರ ಬೆನ್ನು ಹಿಡಿದ. ಅದು ಕೋಶದ ಗೋಡೆ ಸಡಿಲಿಸಿ ಕಾಂಡವನ್ನು ಉದ್ದ ಮಾಡುತ್ತದೆ, ದಪ್ಪವಾಗಲೂ ಅದೇ ಬೇಕು. ತುದಿಯ ಎಳೆ ಎಲೆಯಲ್ಲಿ ಹುಟ್ಟಿ ಗಂಟೆಗೆ ಸುಮಾರು ಒಂದು ಸೆಂಟಿಮೀಟರಿನಂತೆ ಕೆಳಗಿಳಿಯುತ್ತದೆ; 10 ಮೀಟರ್ ಬೇವಿನ ಬುಡ ಮುಟ್ಟಲು ನಲವತ್ತು ದಿನ ದಾಟೀತು. ಇಳಿಯುವಷ್ಟು ಕಾಲವೂ ಪಕ್ಕದ ಕುಡಿಗಳನ್ನು ತಲೆ ಎತ್ತಗೊಡುವುದಿಲ್ಲ. ಬೇರಿನಿಂದ ಏರುವ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು “ಏಳ್ರಪಾ” ಎಂದು ಎಬ್ಬಿಸಿದರೂ, ತುದಿ ಕಡಿಯುವವರೆಗೆ ಮೇಲಿನವನ ಮಾತೇ ನಡೆಯುವುದು. ಮುತ್ಯಾ ಕಟ್ಟೆ ಮೇಲೆ ಕೂತಿರುವವರೆಗೆ ನಮ್ಮ ಕಾಕಂದಿರೂ ಹಾಗೇ ಇದ್ದರು. ಮುತ್ಯಾ ತೀರಿದ ವರ್ಷವೇ ನಮ್ಮಲ್ಲಿ ನಾಲ್ಕು ಒಲೆ ಹೊತ್ತಿದವು.

ಅದೇ 1926ರಲ್ಲಿ ತೈವಾನಿನಲ್ಲಿದ್ದ ಜಪಾನಿನ ಕುರೊಸಾವಾ, ಭತ್ತದ ಸಸಿಯನ್ನು ವಿಪರೀತ ಉದ್ದ ಎಳೆಯುವ ಶಿಲೀಂಧ್ರದ ರಸವನ್ನು ಕಂಡ. ಗಿಡವನ್ನು ಉದ್ದ ಮಾಡುವ ಮತ್ತೊಂದು ಹಾರ್ಮೋನು ಗಿಬ್ಬರೆಲಿನ್ ಮುಂದೆ ಸಿಕ್ಕಿದ್ದು ಅದರಿಂದಲೇ. ಐಆರ್-8ರಂಥ ಗಿಡ್ಡ ಭತ್ತದಲ್ಲಿ ಅದು ಕಡಿಮೆ, ಅದಕ್ಕೇ ತೆನೆ ಭಾರಕ್ಕೆ ಸುಲಭವಾಗಿ ಬಾಗುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮನೆ ಮುಂದಿನ ಬೇವೂ ಎತ್ತರ ಬಿಟ್ಟು ಅಗಲವಾಯಿತು. ನೆರಳು ಕಟ್ಟೆ ದಾಟಿ ಬೀದಿಗೆ ಬಂದಿದೆ. ಕೂರಬೇಕಾದವರು ಬೆಂಗಳೂರು, ಪುಣೆಯಲ್ಲಿದ್ದಾರೆ. ಒಲೆ ಒಂದೇ ಉಳಿದಿದೆ.

ಹೋದ ಸಲ ಏಣಿ ಹಚ್ಚುತ್ತಿದ್ದ ಲೈನ್‌ಮನ್‌ಗೆ ಆಕ್ಸಿನ್ ಪುರಾಣವೆಲ್ಲ ಹೇಳಿ, “ಕಡಿದಷ್ಟೂ ಚಿಗುರು ಜಾಸ್ತಿ ಆಗ್ತದಪಾ” ಅಂದೆ.

“ಆಗ್ಲಿ ಬಿಡ್ರಿ ಸರ,” ಅಂದ. “ಮುಂದಿನ ವರ್ಷ ನಮಗೂ ಕೆಲಸ ಬೇಕಲ್ರಿ.”