ಪಾರಾದವನ ಹೊಣೆ

ಉಯ್ಗುರ್ ಕವಿ ತಾಹಿರ್ ಹಮುತ್ ಇಜ್ಗಿಲ್‌ರ ಆತ್ಮಕಥನವು 2023ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ವ್ಯಾಸಂಗಕ್ಕೆಂದು ತುರ್ಕಿಗೆ ಹೊರಟಿದ್ದ ಅವರನ್ನು 1996ರಲ್ಲಿ ಬಂಧಿಸಿದ ಚೀನಾ ಸರಕಾರ ಮೂರು ವರ್ಷ ಸೆರೆಯಲ್ಲಿಟ್ಟಿತು. 2017ರಲ್ಲಿ ಮಿತ್ರರು ಒಬ್ಬೊಬ್ಬರಾಗಿ ಶಿಬಿರಗಳ ಪಾಲಾಗುತ್ತಿದ್ದಾಗ, ರಾತ್ರಿ ಪೊಲೀಸರು ಬಂದರೆ ತೊಡಲೆಂದು ಅವರು ಬೆಚ್ಚನೆಯ ಉಡುಪನ್ನು ಸಿದ್ಧವಾಗಿಟ್ಟುಕೊಂಡಿದ್ದರು. ಅದೇ ವರ್ಷ ಪತ್ನಿ, ಇಬ್ಬರು ಪುತ್ರಿಯರೊಡನೆ ಅಮೆರಿಕ ಸೇರಿದರು.

ಕೃತಿಯಲ್ಲಿ ಪಾರಾದ ಹರ್ಷಕ್ಕಿಂತ ಉಳಿದವರನ್ನು ಬಿಟ್ಟುಬಂದ ಅಳಲೇ ಹೆಚ್ಚು. ಮಕ್ಕಾವನ್ನು ತೊರೆಯುವಾಗ ಪ್ರವಾದಿ(ಸ)ರೂ ತವರೂರಿಗಾಗಿ ದುಃಖಿಸಿದ್ದರಲ್ಲವೇ? ಹಿಜ್ರತ್ ಮಾಡಿದವನ ಋಣ ಊರು ಬಿಟ್ಟ ಮಾತ್ರಕ್ಕೆ ತೀರದು. ಸಾಕ್ಷ್ಯವನ್ನು ಮರೆಮಾಚಬಾರದೆಂಬುದು ಕುರ್‌ಆನಿನ ಆದೇಶ. ಇಜ್ಗಿಲ್ ಬರೆದು ಆ ಹೊಣೆಯನ್ನು ನಿರ್ವಹಿಸಿದರು. ನಿಶ್ಚಿಂತೆಯಿಂದ ನಿದ್ರಿಸುವ ನಾವು ಅದನ್ನು ಓದಿ, ಮಕ್ಕಳಿಗೆ ತಿಳಿಸಿ, ಆ ಸೆರೆವಾಸಿಗಳನ್ನು ನಮ್ಮ ದುಆಗಳಲ್ಲಿ ನೆನೆಯೋಣ.