ಹಳೆಯ ಕುಂಡ, ಹೊಸ ಸಸಿ

ಹಿಂದೆ ತಗಡೂರು ಎನಿಸಿದ್ದ ಧರ್ಮಪುರಿಯಲ್ಲಿ ನಮ್ಮ ಮನೆ. ಹಿತ್ತಿಲಲ್ಲಿ ಹತ್ತಾರು ಮಣ್ಣಿನ ಕುಂಡ, 98 ಗುಳಿಗಳ ನಾಲ್ಕು ಸಸಿತಟ್ಟೆ. ಪಾಲಕೋಡಿನ ಕಡೆಯ ಟೊಮೇಟೊ ಬೆಳೆಗಾರರಂತೆ ನಾವೂ ತೆಂಗಿನ ನಾರಿನ ಪುಡಿ ತುಂಬಿ ತಟ್ಟೆಯಲ್ಲೇ ಬೀಜ ಹಾಕುತ್ತೇವೆ.

ಕಳೆದ ವರ್ಷ ಹಳೆಯ ತಟ್ಟೆಗಳನ್ನು ತೊಳೆಯದೆ ಬಿತ್ತಿದೆವು. ಮೊಳೆತ ಸಸಿಗಳು ಬುಡ ಕೊಳೆತು ಸಾಲುಸಾಲಾಗಿ ಒರಗಿದವು. ಹಳೆಯ ಮಣ್ಣಿನಲ್ಲಿ ಉಳಿಯುವ ಪಿಥಿಯಂ ಮುಂತಾದ ರೋಗಾಣುಗಳಿಂದ ಹೀಗಾಗುತ್ತದೆಂದು ಆಮೇಲೆ ತಿಳಿದೆವು.

ಈ ಸಲ ತೊಳೆಯಲು ಹೊರಟರೆ ಇನ್ನೊಂದು ಅಳುಕು. ಕುಂಡ ಎತ್ತಿದರೆ ಅಡಿಯಲ್ಲಿ ಇರುವೆ, ಒಳಗೆ ಎರೆಹುಳು, ಬಸವನಹುಳು. ಮಗ ಕುದಿಯುವ ನೀರು ತಂದ. ಅತ್ತೆಯವರು ತಡೆದರು: “ತಾಳೋ ಮಗಾ, ಅವಕ್ಕೂ ಅದು ಮನೆಯಲ್ಲವೇ?”

ಅಂದಿನಿಂದ ನಮ್ಮ ಕ್ರಮ ಇದು. ಹಗಲು ಬೆಳಕಿನಲ್ಲಿ ಕುಂಡವನ್ನು ಮೆಲ್ಲನೆ ಮಗುಚಿ, ಮಣ್ಣನ್ನು ಮರದ ನೆರಳಲ್ಲಿ ಹರಡುತ್ತೇವೆ. ಬರಿಯ ಕುಂಡವನ್ನು ಒಂದು ದಿನ ಪಕ್ಕದಲ್ಲೇ ಬಿಡುತ್ತೇವೆ. ಜೀವಿಗಳು ತಮ್ಮ ದಾರಿ ಹಿಡಿಯುತ್ತವೆ. ಮರುದಿನ ಒಳಗೆಲ್ಲ ನೋಡಿ, ನಾರಿನಿಂದ ಉಜ್ಜಿ, ಸಾಬೂನು ನೀರಿನಲ್ಲಿ ತೊಳೆಯುತ್ತೇವೆ. ಒಂದು ಪಾಲು ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ 10 ನಿಮಿಷ ನೆನೆಸಿ, ಚೆನ್ನಾಗಿ ಜಾಲಿಸಿ, ಬಿಸಿಲಿಗಿಡುತ್ತೇವೆ. ಮಣ್ಣು ಮೆತ್ತಿದ್ದರೆ ಬ್ಲೀಚಿನ ಬಲ ಕುಗ್ಗುತ್ತದೆ. ಆದ್ದರಿಂದ ಮೊದಲು ಉಜ್ಜಲೇಬೇಕು.

ಈ ವರ್ಷ ಸಸಿಗಳು ನಿಂತವು. ಕಣ್ಣಿಗೆ ಕಾಣದ ಜೀವಗಳ ಹಿಂಸೆ ಪೂರ್ತಿ ತಪ್ಪಿತೆಂದು ಹೇಳಲಾರೆವು. ಕಾಣುವ ಜೀವಕ್ಕೆ ಒಂದು ದಿನದ ಅವಕಾಶ ಕೊಡುವುದು ಮಾತ್ರ ಗೃಹಸ್ಥರಾದ ನಮ್ಮ ಕೈಯಲ್ಲಿದೆ. ಅಷ್ಟನ್ನಾದರೂ ಮಾಡೋಣ.